ಸೇನೆಯ ರೈಫಲ್, ಗದ್ದೆಯ ಕೋವಿ

ಶ್ರೀರಂಗಪಟ್ಟಣ: ಕಬ್ಬಿನ ಗದ್ದೆಗೆ ಕಾಡುಹಂದಿ ನುಗ್ಗಿದ ಮಾರನೆಯ ದಿನ, ಕೇಪಿನ ಕೋವಿಯ ಬದಲು ರೈಫಲ್‌ಗೇ ಪರವಾನಗಿ ಏಕೆ ಕೊಡಬಾರದೆಂದು ಪಾಂಡವಪುರದ ಅಥವಾ ಕೆ.ಆರ್. ಪೇಟೆಯ ರೈತ ಕೇಳುವುದು ಸಹಜ. ಉತ್ತರ ಕೋವಿಯ ನಳಿಕೆಯೊಳಗೇ ಇದೆ.

ರೈಫಲ್ ನಳಿಕೆಯ ಒಳಮೈಯಲ್ಲಿ ಸುರುಳಿಯಾಕಾರದ ಗೀರುಗಳಿರುತ್ತವೆ. ಅವುಗಳ ಹಿಡಿತದಲ್ಲಿ ಗುಂಡು ಬುಗುರಿಯಂತೆ ತಿರುಗುತ್ತ ಹೊರಡುವುದರಿಂದ ಗುರಿ ತಪ್ಪದೆ ಸಾಗುತ್ತದೆ. ತಡೆಯಿಲ್ಲದಿದ್ದರೆ ಒಂದು ಕಿಲೋಮೀಟರ್ ದಾಟಿಯೂ ಪ್ರಾಣ ತೆಗೆಯಬಲ್ಲದು. ರೈತನ ಕೋವಿಯ ನಳಿಕೆ ನುಣುಪು. ಅದರಿಂದ ಹೊರಟ ಚರೆ ಬೇಗನೆ ಚದುರಿ ಬಲ ಕಳೆದುಕೊಳ್ಳುತ್ತದೆ. ಗದ್ದೆಯ ಬದುವಿನಾಚೆಗೇ ಊರಿರುವ ಈ ಸೀಮೆಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆ ಹೇಳಿರುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಪ್ರಾಧಿಕಾರಕ್ಕೆ ಮನವರಿಕೆಯಾದರೆ ಮಾತ್ರ ನುಣುಪು ನಳಿಕೆಯ ಬೇರೆ ಬಂದೂಕು ಕೊಡಬಹುದು. ಟಿಪ್ಪುವಿನ ಕಾಲದಲ್ಲಿ ಪಟ್ಟಣದ ಕಾರ್ಖಾನೆಯಲ್ಲಿ ತಯಾರಾದ ಚಕಮಕಿ ಬಂದೂಕುಗಳಿಗೂ ಮದ್ದು ತುಂಬುತ್ತಿದ್ದುದು ಬಾಯಿಯಿಂದಲೇ!

ಹಾಗೆಂದು ಸೇನೆಯ ರೈಫಲ್ ನಾಗರಿಕರ ಕೈಗೆ ಬಂದೇ ಇಲ್ಲವೆಂದಲ್ಲ. ರೂಪ ಬದಲಿಸಿಕೊಂಡು ಬಂದಿದೆ. ಕದ್ದ ಸೇನಾ ತೋಟಾ ಹೊರಗಿನ ಬಂದೂಕಿಗೆ ಹೊಂದಬಾರದೆಂಬುದು ಬ್ರಿಟಿಷರ ಎಚ್ಚರಿಕೆಯಾಗಿತ್ತು. .303 ಲೀ ಎನ್‌ಫೀಲ್ಡ್ ರೈಫಲ್‌ನ ಗೀರುಗಳನ್ನು ತೆಗೆದು, .410 ಅಳತೆಯ ನುಣುಪು ನಳಿಕೆಯ ಮಸ್ಕೆಟ್ ಮಾಡಿ ಪೊಲೀಸರಿಗೂ ಕಾವಲುಗಾರರಿಗೂ ಕೊಟ್ಟರು. ಬಂಗಾಳದ ಇಷಾಪುರ ಕಾರ್ಖಾನೆಯ .315 ರೈಫಲ್ ಕೂಡ ಇದೇ ವಂಶದ್ದು: ಯಂತ್ರ ಎನ್‌ಫೀಲ್ಡ್‌ನದು, ತೋಟಾ ಬೇರೆ, ಮ್ಯಾಗಜೀನ್‌ನಲ್ಲಿ ಹತ್ತರ ಬದಲು ಐದು ಗುಂಡು. ಒಂದೊಂದು ಗುಂಡಿಗೂ ಬೋಲ್ಟ್ ಎಳೆಯಲೇಬೇಕು. ಇದಕ್ಕೆ ಪರವಾನಗಿ ಸಿಗುತ್ತದೆ, ಆದರೆ ಬೆಳೆ ರಕ್ಷಣೆಯ ಹೆಸರಿನಲ್ಲಲ್ಲ.

ಅಮೆರಿಕ ಹಿಡಿದದ್ದು ಬೇರೆ ದಾರಿ. ಯೂಜೀನ್ ಸ್ಟೋನರ್ 1950ರ ದಶಕದಲ್ಲಿ ರೂಪಿಸಿದ ಎಆರ್-15, ಸೇನೆಯಲ್ಲಿ ಎಂ-16 ಆಯಿತು. ಕುದುರೆ ಒತ್ತಿದಷ್ಟು ಸಲ ಮಾತ್ರ ಗುಂಡು ಹಾರಿಸುವ ಅದರ ಮಾದರಿಯನ್ನು ಕೋಲ್ಟ್ ಕಂಪೆನಿ 1964ರಿಂದ ಸಾರ್ವಜನಿಕರಿಗೆ ಮಾರಿತು. ಸೇನಾ ತೋಟಾ ಹೊಂದುವ .303 ಹಾಗೂ 7.62 ಮಿ.ಮೀ. ರೈಫಲ್‌ಗಳಂತೆಯೇ ಇಂತಹ ಅರೆ ಸ್ವಯಂಚಾಲಿತ ರೈಫಲ್ ಕೂಡ ನಮ್ಮಲ್ಲಿ ನಿಷೇಧಿತ ವರ್ಗಕ್ಕೆ ಸೇರುತ್ತದೆ.

ಕೋವಿಗೆ ಪರವಾನಗಿಯಿದ್ದರೂ ಅದು ಬೇಟೆಗೆ ಅನುಮತಿಯಲ್ಲ. ಚಿರತೆ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೆಯದರಲ್ಲಿದೆ. ಬೆಳೆ ಹಾಳು ಮಾಡಿದ ಹಂದಿಯನ್ನು ಕೊಲ್ಲಲೂ ಅರಣ್ಯ ಇಲಾಖೆಯ ಲಿಖಿತ ಆದೇಶ ಬೇಕು. ಆದ್ದರಿಂದ ನಾಗಮಂಗಲದ ಹೊಲದ ಅಟ್ಟಣೆಯಲ್ಲಿ ಕೂತವನಿಗೆ ಕೋವಿಯಿಂದ ನ್ಯಾಯವಾಗಿ ದಕ್ಕುವುದು ಅದರ ಸದ್ದು ಮಾತ್ರ. ಚುನಾವಣೆ ಘೋಷಣೆಯಾದರೆ ಅನೇಕರು ಅದನ್ನೂ ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕಾಗುತ್ತದೆ.