ದೂರದರ್ಶನ: ಎಷ್ಟು ಎತ್ತರ, ಎಷ್ಟು ದೂರ?

ದೂರದರ್ಶನದ ಪರದೆಯನ್ನು ಈಗ ಅನೇಕ ಸದ್ಭಕ್ತರ ಮನೆಗಳಲ್ಲಿ ಬಾಗಿಲಿಗಿಂತ ಮೇಲೆ ತೂಗುಹಾಕಿರುತ್ತಾರೆ. ಅದು ಹಿರಿಯರ ಭಾವಚಿತ್ರಕ್ಕೆ ಒಪ್ಪುವ ಸ್ಥಾನ. ತಲೆಯೆತ್ತಿ ನೋಡುವವರಿಗೆ ಕತ್ತು ನೋಯುತ್ತದೆ. ರೆಪ್ಪೆಗಳು ಹೆಚ್ಚು ತೆರೆದಿರುವುದರಿಂದ ಕಣ್ಣು ಬೇಗ ಒಣಗುತ್ತದೆ. ಪರದೆಯ ನಡುಭಾಗವು ಕುಳಿತವರ ಕಣ್ಣಿನ ಮಟ್ಟದಲ್ಲಿ, ಇಲ್ಲವೇ ತುಸು ಕೆಳಗಿರಲಿ. ಚಾಪೆಯ ಮೇಲೆ ಕೂರುವ ಮನೆಯಲ್ಲಿ ಇದು ನೆಲದಿಂದ ಸುಮಾರು 2.5 ಅಡಿ, ಕುರ್ಚಿಯಾದರೆ 3.5 ಅಡಿ. 43 ಅಂಗುಲದ ಪರದೆಗೆ 6 ಅಡಿಯಷ್ಟು ಅಂತರ ಹಿತಕರ.

ಹತ್ತಿರ ಕುಳಿತರೆ ಕಣ್ಣು ಹಾಳಾಗುವುದೆಂದು ಮಕ್ಕಳನ್ನು ಗದರಿಸುವುದುಂಟು. ಸಂಗತಿ ಹಲವೊಮ್ಮೆ ಇದಕ್ಕೆ ತದ್ವಿರುದ್ಧ: ದೂರದ್ದು ಮಸುಕಾಗಿ ಕಾಣುವುದರಿಂದಲೇ ಮಗು ಮುಂದೆ ಸರಿದಿರುತ್ತದೆ. ಹಿಂದೆ ಕೂರಿಸಿದರೂ ಮತ್ತೆ ಮತ್ತೆ ಮುಂದಕ್ಕೆ ಬರುವ ಮಗುವಿಗೆ ಶಾಲೆಯ ಕರಿಹಲಗೆಯೂ ಕಾಣದಿರಬಹುದು. ಗದರಿಸದೆ, ತಡಮಾಡದೆ ನೇತ್ರವೈದ್ಯರಲ್ಲಿಗೆ ಕರೆದೊಯ್ಯಿರಿ.