ನಾವಿಕನ ಗಡಿಯಾರ, ರೈತನ ಬದು

ಹೊಲದಲ್ಲಿ ಮೊಬೈಲ್ ಹಿಡಿದು "ನಮ್ಮ ಗಡಿ ಇಲ್ಲಿಯವರೆಗೆ ಬರುತ್ತದೆ" ಎಂದು ತೋರಿಸುವವರು ಈಗ ಹೆಚ್ಚುತ್ತಿದ್ದಾರೆ. ಅದರ ನಕ್ಷೆಯ ಚುಕ್ಕೆಯನ್ನು ಎಷ್ಟು ನಂಬಬಹುದು? ಇದನ್ನು ತಿಳಿಯಲು ರೈತ ಬಾಂಧವರು ಸ್ವಲ್ಪ ಹೊತ್ತು ಸಮುದ್ರದ ಕಡೆ ನೋಡಬೇಕು.

ದಡ ಕಾಣದ ನೀರಿನಲ್ಲಿ ದಿಕ್ಕು ತಿಳಿಯಲು ಹಿಂದಿನ ನಾವಿಕರಿಗೆ ನಕ್ಷತ್ರಗಳಿದ್ದವು. ಮೋಡ ಕವಿದರೆ ದಿಕ್ಸೂಚಿ ಇತ್ತು. ಧ್ರುವ ನಕ್ಷತ್ರದ ಎತ್ತರ ಅಳೆದರೆ ಉತ್ತರ-ದಕ್ಷಿಣದ ಲೆಕ್ಕ ಸಿಗುತ್ತಿತ್ತು. ಅರಬ್ಬಿ ಸಮುದ್ರದ ನಾವಿಕರು ಇದಕ್ಕೆ ಗಂಟು ಹಾಕಿದ ದಾರವಿರುವ ಚಿಕ್ಕ ಹಲಗೆಯನ್ನು ಬಳಸುತ್ತಿದ್ದರು. ತೊಡಕೆಲ್ಲ ಇದ್ದುದು ಪೂರ್ವ-ಪಶ್ಚಿಮದಲ್ಲಿ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಆದ್ದರಿಂದ ಹೊರಟ ಊರಿನ ವೇಳೆಗೂ ಹಡಗಿರುವಲ್ಲಿನ ವೇಳೆಗೂ ಇರುವ ಅಂತರ ತಿಳಿದರೆ ಎಷ್ಟು ದೂರ ಬಂದೆವೆಂದು ತಿಳಿಯುತ್ತದೆ. ಆದರೆ ಊರಿನ ವೇಳೆಯನ್ನು ಕಾಯ್ದಿಡುವ ಗಡಿಯಾರ ಹಡಗಿನ ಓಲಾಟ ತಡೆಯಬೇಕಲ್ಲ! ಒಂದು ನಿಮಿಷ ತಪ್ಪಿದರೆ ಸಮಭಾಜಕದ ಬಳಿ ಸುಮಾರು 28 ಕಿಲೋಮೀಟರ್ ವ್ಯತ್ಯಾಸವಾಗುತ್ತದೆ. 1714ರಲ್ಲಿ ಬ್ರಿಟಿಷ್ ಸಂಸತ್ತು ಇದರ ಪರಿಹಾರಕ್ಕೆ 20,000 ಪೌಂಡ್‌ವರೆಗೆ ಬಹುಮಾನ ಸಾರಿತು. ಗೆದ್ದ ಗಡಿಯಾರವನ್ನು ಮಾಡಿದವನು ದೊಡ್ಡ ವಿದ್ವಾಂಸನಲ್ಲ, ಬಡಗಿ ಕೆಲಸ ಕಲಿತ ಜಾನ್ ಹ್ಯಾರಿಸನ್. 1761ರಲ್ಲಿ ಜಮೈಕಾಕ್ಕೆ ಹೊರಟ ಅದು, ದಿನವಹಿ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದ ಮೇಲೆ, 81 ದಿನಗಳಲ್ಲಿ ಸುಮಾರು 5 ಸೆಕೆಂಡು ಮಾತ್ರ ಹಿಂದೆ ಬಿದ್ದಿತ್ತು.

ಇಂದಿನ ಉಪಗ್ರಹಗಳದ್ದೂ ಗಡಿಯಾರದ ಕೆಲಸವೇ. ಅಮೆರಿಕದ ಜಿ.ಪಿ.ಎಸ್. ವ್ಯವಸ್ಥೆಯ ಮೊದಲ ಉಪಗ್ರಹ 1978ರಲ್ಲಿ ಹಾರಿತು, ನಮ್ಮ ದೇಶದ ನಾವಿಕ್ ವ್ಯವಸ್ಥೆಯದು 2013ರಲ್ಲಿ. ಸಂಕೇತ ತಲುಪಲು ಹಿಡಿದ ಹೊತ್ತಿನಿಂದ ಮೊಬೈಲು ಹಲವು ಉಪಗ್ರಹಗಳ ದೂರವನ್ನು ಲೆಕ್ಕ ಹಾಕುತ್ತದೆ. ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು ತಪ್ಪಿದರೂ ದೂರದಲ್ಲಿ 30 ಸೆಂಟಿಮೀಟರ್ ತಪ್ಪುತ್ತದೆ. ಸಂಕೇತವನ್ನು ವಾಯುಮಂಡಲ ತಡಮಾಡುತ್ತದೆ, ಗೋಡೆ-ಮರಗಳು ತಡೆಯುತ್ತವೆ. ಹೀಗಾಗಿ ಬಯಲಿನಲ್ಲೇ ಮೊಬೈಲು ಸುಮಾರು 5 ಮೀಟರ್ ತಪ್ಪಬಹುದು. ದಟ್ಟ ತೋಟದಲ್ಲಿ ಇನ್ನೂ ಹೆಚ್ಚು.

ಸಂತೆಗೆ ದಾರಿ ಹುಡುಕಲು ಇಷ್ಟು ಧಾರಾಳವಾಯಿತು. ಆದರೆ 100 ಮೀಟರ್ ಉದ್ದದ ಬದು 5 ಮೀಟರ್ ಸರಿದರೆ ಸುಮಾರು 5 ಗುಂಟೆ ಜಮೀನು ಪಕ್ಕದವರ ಪಾಲಾಗುತ್ತದೆ! 33 ಅಡಿ ಸರಪಳಿ ಎಳೆದು ಅಳೆಯುತ್ತಿದ್ದ ಹಳೆಯ ಭೂಮಾಪಕ ಇದನ್ನು ಕೇಳಿದರೆ ನಕ್ಕಾನು.

ಭೂಮಾಪನಕ್ಕೆ ಬಳಸುವ ರೋವರ್ ಎಂಬ ಉಪಕರಣದ ರೀತಿ ಬೇರೆ. ತನ್ನ ಸ್ಥಾನ ಮೊದಲೇ ಕರಾರುವಾಕ್ಕಾಗಿ ತಿಳಿದಿರುವ ನೆಲದ ಕೇಂದ್ರವೊಂದು ಅದೇ ಸಂಕೇತಗಳನ್ನು ಪಡೆದು, ತಪ್ಪು ಎಷ್ಟೆಂದು ರೋವರ್‌ಗೆ ತಿಳಿಸುತ್ತದೆ. ಅಷ್ಟನ್ನು ತಿದ್ದಿಕೊಂಡಾಗ ವ್ಯತ್ಯಾಸ ಕೆಲವು ಸೆಂಟಿಮೀಟರ್‌ಗೆ ಇಳಿಯುತ್ತದೆ. ಗಡಿಯ ತಕರಾರಿದ್ದವರು ಹದ್ದುಬಸ್ತಿಗೆ ಅರ್ಜಿ ಹಾಕಬೇಕು; ಅಳತೆಗೆ ಮುನ್ನ ಪಕ್ಕದ ಹಿಡುವಳಿದಾರರಿಗೂ ನೋಟೀಸು ಹೋಗುತ್ತದೆ. ಅಳತೆ ಮುಗಿಯುವವರೆಗೆ ಮೊಬೈಲ್ ನೋಡಿ ಬದು ಒಡೆಯುವುದಾಗಲಿ ಬಾಂದು ಕಲ್ಲು ಕೀಳುವುದಾಗಲಿ ಕೂಡದು.