ಕಿಯಾಂಬೆತುವಿನ ಚಹಾಕೂಟ

ಕೀನ್ಯಾದ ರಾಜಧಾನಿಯಾದ ನೈರೋಬಿಯನ್ನು ಬಿಟ್ಟು ವಾಯವ್ಯ ದಿಕ್ಕಿನಲ್ಲಿ ಘಟ್ಟದ ದಾರಿ ಹಿಡಿದರೆ, ಸಮುದ್ರಮಟ್ಟಕ್ಕಿಂತ ಸುಮಾರು 7,200 ಅಡಿ ಎತ್ತರದ ಲಿಮುರು ಸೀಮೆಯಲ್ಲಿ, ತಿಗೋನಿ ಎಂಬ ಊರಿನ ಸಮೀಪ, ಕಿಯಾಂಬೆತು ಎಂಬ ಹಳೆಯ ಚಹಾ ತೋಟವೊಂದುಂಟು. ಭೂಮಧ್ಯರೇಖೆಗೆ ಇಷ್ಟು ಹತ್ತಿರವಿದ್ದೂ ಇಲ್ಲಿ ಬಿಸಿಲಿನ ಬೇಗೆಯಿಲ್ಲ. ಜುಲೈ ತಿಂಗಳಿನಲ್ಲಿ ಬಂದವರು ಉಣ್ಣೆಯಂಗಿ ತೊಟ್ಟೇ ಜಗಲಿಯಲ್ಲಿ ಕೂರಬೇಕು.

ಭಾರತದಿಂದ ಬಂದ ಚಹಾ ಸಸಿಗಳು ಲಿಮುರುವಿನ ಮಣ್ಣಿನಲ್ಲಿ ಮೊದಲು ಬೇರೂರಿದ್ದು 1903ರಲ್ಲಿ. ಅನಂತರ 1910ರಲ್ಲಿ ಈ ನೆಲಕ್ಕೆ ಬಂದ ಎ. ಬಿ. ಮ್ಯಾಕ್‌ಡೊನೆಲ್ ಎಂಬಾತನು, ಕೀನ್ಯಾದಲ್ಲಿ ಚಹಾವನ್ನು ಬೆಳೆದು ಹದಮಾಡಿ ವ್ಯಾಪಾರಕ್ಕೆ ತಂದವರಲ್ಲಿ ಮೊದಲಿಗರ ಪಂಕ್ತಿಗೆ ಸೇರಿದನು. ಆತನ ವಂಶಸ್ಥರು ಮುಂಚಿತವಾಗಿ ತಿಳಿಸಿ ಬಂದ ಅತಿಥಿಗಳನ್ನು ಜಗಲಿಯಲ್ಲಿ ಕುಳ್ಳಿರಿಸಿ, ಚಹಾ ಕೊಟ್ಟು, ಅದರ ವೃತ್ತಾಂತವನ್ನು ಹೇಳಿ, ಬಳಿಕ ಹುಲ್ಲುಹಾಸಿನ ಮೇಲೆ ಊಟವಿಕ್ಕುವ ಸಂಪ್ರದಾಯವನ್ನು ನಡೆಸಿಕೊಂಡು ಬಂದಿದ್ದಾರೆ.

ಈ ವೃತ್ತಾಂತದಲ್ಲಿ ಎಲೆಯ ಪ್ರಕರಣವೇ ಅತ್ಯಂತ ರಸವತ್ತಾದುದು. ಎರಡೆಲೆಯನ್ನೂ ಒಂದು ಕುಡಿಯನ್ನೂ ಕಿತ್ತು ಅಂಗೈಯಲ್ಲಿ ಹೊಸಕಿದರೆ ಮೊದಲು ಬರುವುದು ಹಸಿ ಹುಲ್ಲಿನ ವಾಸನೆ. ಚಹಾದ ಪರಿಮಳದ ಸುಳಿವೂ ಅದರಲ್ಲಿರುವುದಿಲ್ಲ. ಆದರೆ ಜಜ್ಜಿದ ಎಲೆಯ ರಸಕ್ಕೆ ಗಾಳಿ ಸೋಕಿ, ಹಸುರು ಮಾಸಿ, ತಾಮ್ರದ ಬಣ್ಣ ತಿರುಗಿದಂತೆಲ್ಲ, ನಾವು ಬಟ್ಟಲಿನಲ್ಲಿ ಬಲ್ಲ ಗಂಧವು ಅದರಿಂದಲೇ ಹೊರಹೊಮ್ಮತೊಡಗುತ್ತದೆ. ಕಾರ್ಖಾನೆಯಲ್ಲಿ ಬಾಡಿಸುವುದು, ಯಂತ್ರದ ಉರುಳೆಗಳ ನಡುವೆ ಹರಿಯುವುದು, ಗಾಳಿಗೊಡ್ಡುವುದು, ಒಣಗಿಸುವುದು ಎಂದು ನಡೆಯುವ ಕ್ರಮವೆಲ್ಲವೂ ಈ ಅಂಗೈಯ ವ್ಯಾಪಾರದ ವಿಸ್ತಾರವೇ. ಇನ್ನು, ಕೊಯ್ಯುವವರ ಸೊಂಟದೆತ್ತರಕ್ಕೆ ಸವರಿದ ಪೊದೆಗಳನ್ನಷ್ಟೇ ಕಂಡವರು, ಕತ್ತರಿ ತಾಗದೆ ಬೆಳೆಯಬಿಟ್ಟ ಹಳೆಯ ಚಹಾ ಗಿಡಗಳು ಇಲ್ಲಿ ಸಾಕ್ಷಾತ್ ವೃಕ್ಷಗಳಾಗಿ ನಿಂತಿರುವುದನ್ನು ನೋಡಿ ವಿಸ್ಮಿತರಾಗದಿರರು.

ಹೂದೋಟದಾಚೆಗೆ ಕಡಿಯದೆ ಉಳಿಸಿದ ಅಡವಿಯ ತುಣುಕೊಂದಿದ್ದು, ಕಪ್ಪುಬಿಳುಪಿನ ಕೊಲೊಬಸ್ ಕೋತಿಗಳಿಗೆ ಅದು ಆಶ್ರಯವಾಗಿದೆ.

ಇಷ್ಟೆಲ್ಲ ರಮ್ಯವಾದರೂ, ಇಲ್ಲಿ ಚಹಾ ಕುಡಿಯುವ ಸಹೃದಯನು ಬೇಲಿಯಾಚೆಗಿನ ಕಥೆಯನ್ನೂ ತಿಳಿದಿರಬೇಕೆಂಬುದು ನನ್ನ ಅಭಿಪ್ರಾಯ. ವಸಾಹತು ಆಳ್ವಿಕೆಯ ಕಾಲದಲ್ಲಿ ಬಿಳಿಯರಿಗೆಂದು ಮೀಸಲಾಗಿದ್ದ ಈ ಮಲೆನಾಡಿನಲ್ಲಿ, ಎಲೆ ಕೊಯ್ಯುವ ಕೂಲಿ ಮಾತ್ರ ಕಪ್ಪು ಜನರ ಪಾಲಿಗೆ ಬಂದಿತ್ತು. ಸ್ವಂತ ಭೂಮಿಯಲ್ಲಿ ಚಹಾ ಬೆಳೆಯುವ ಅವಕಾಶವು ಅವರಿಗೆ ವ್ಯಾಪಕವಾಗಿ ದೊರೆತದ್ದು 1950ರ ದಶಕದಿಂದೀಚೆಗೆ. ಕನ್ನಡ ಓದುಗರಿಗೆ ಅಪರಿಚಿತರಲ್ಲದ ಲೇಖಕ ಗೂಗಿ ವಾ ಥಿಯಾಂಗೊ ಅವರು 1938ರಲ್ಲಿ ಜನಿಸಿದ್ದು ಇದೇ ಲಿಮುರುವಿನ ಕಾಮಿರೀಥು ಎಂಬ ಹಳ್ಳಿಯಲ್ಲಿ. ನೆಲ ಕಳೆದುಕೊಂಡವರ ಸಂಕಟವು ಅವರ ಕೃತಿಗಳಲ್ಲಿ ಎಷ್ಟು ಸಾಂದ್ರವಾಗಿದೆಯೆಂಬುದನ್ನು ಅವುಗಳನ್ನು ಓದಿದವರು ಬಲ್ಲರು. ಸ್ವಾತಂತ್ರ್ಯಾನಂತರ, 1964ರಲ್ಲಿ, ಸಣ್ಣ ಹಿಡುವಳಿದಾರರ ಚಹಾವನ್ನು ಸಂಗ್ರಹಿಸಿ ಸಂಸ್ಕರಿಸುವುದಕ್ಕೆಂದೇ ಸಂಸ್ಥೆಯೊಂದು ಸ್ಥಾಪಿತವಾಯಿತು. ಇಂದು ಆ ವ್ಯವಸ್ಥೆಯಲ್ಲಿ ಆರು ಲಕ್ಷಕ್ಕೂ ಮಿಕ್ಕ ರೈತರಿದ್ದು, ಕಪ್ಪು ಚಹಾದ ರಫ್ತಿನಲ್ಲಿ ಕೀನ್ಯಾವು ಜಗತ್ತಿನ ಅಗ್ರಸ್ಥಾನದಲ್ಲಿದೆ. ಈ ಕಥೆಯನ್ನು ತಿಳಿದರೆ ಆತಿಥೇಯರ ಸೌಜನ್ಯಕ್ಕೆ ಕುಂದೇನೂ ಬಾರದು. ಪ್ರವಾಸಿಗಳ ಕೈಪಿಡಿಗಳು ಮಾತ್ರ ಕೋತಿಗಳಿಗೆ ಕೊಡುವಷ್ಟು ಸ್ಥಳವನ್ನು ಈ ರೈತರಿಗೆ ಕೊಡುವುದಿಲ್ಲ.

ಮರಳುವಾಗ ಲಿಮುರು ಪೇಟೆಯಲ್ಲಿ ಇಳಿಯುವುದು ಒಳ್ಳೆಯದು. ಅಲ್ಲಿಯ ಚಿಕ್ಕ ಹೋಟೆಲುಗಳಲ್ಲಿ ಹಾಲು, ಸಕ್ಕರೆ, ಚಹಾ ಸೊಪ್ಪು ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕುದಿಸಿ, ಎಣ್ಣೆಯಲ್ಲಿ ಕರಿದ ಮಂದಾಜಿ ಎಂಬ ತಿಂಡಿಯೊಡನೆ ಕೊಡುವ ಚಹಾವು, ಜಗಲಿಯ ಪಿಂಗಾಣಿ ಬಟ್ಟಲಿನ ತಿಳಿಚಹಾಕ್ಕಿಂತ ನಮ್ಮವರ ನಾಲಗೆಗೆ ಬೇಗ ಒಗ್ಗುತ್ತದೆ. ಬೆಲೆಯೂ ಅಗ್ಗ, ಮುಂಚಿತವಾಗಿ ತಿಳಿಸಬೇಕಾದ ಕಟ್ಟಳೆಯೂ ಇಲ್ಲ.